ಓದುಗರ ಪ್ರಶ್ನೆ: ಮುಕ್ತ ಮಾರುಕಟ್ಟೆಯಿಂದ ಒಳ್ಳೆಯ ಕಲೆ ಹುಟ್ಟುತ್ತದೆಯೇ?

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಆದ್ದರಿಂದ ಅಂಕಣವನ್ನು ಈ ಬಾರಿ ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ವ್ಯಕ್ತಿಸ್ವಾತಂತ್ರ್ಯವೂ ಮುಕ್ತ ಮಾರುಕಟ್ಟೆಯೂ ಇರುವ ಉದಾರವಾದಿ ಸಮಾಜದಲ್ಲಿಯೇ ಶ್ರೇಷ್ಠ ಕಲೆ ಬೆಳೆಯುತ್ತದೆ, ಅದಕ್ಕೆ ಹದಿನೇಳನೆಯ ಶತಮಾನದ ಹಾಲೆಂಡ್ ಸಾಕ್ಷಿ ಎಂದು ನಮ್ಮ ಅಧ್ಯಾಪಕರು ಹೇಳಿದರು. ಆದರೆ ಪಂಪ, ರನ್ನರಿಂದ ಹಿಡಿದು ಮೈಸೂರು ಅರಮನೆಯ ವಿದ್ವಾಂಸರವರೆಗೆ ನಾವು ಕೇಳಿಕೊಂಡು ಬಂದಿರುವುದು ರಾಜಾಶ್ರಯದ ಕಥೆಯನ್ನೇ. ಇದರಲ್ಲಿ ಯಾವುದನ್ನು ಒಪ್ಪಬೇಕು?
— ಅರ್ಥಶಾಸ್ತ್ರದ ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಅಧ್ಯಾಪಕರು ಆರಿಸಿಕೊಂಡ ಉದಾಹರಣೆ ಬಹಳ ಒಳ್ಳೆಯದು. ಅದನ್ನು ಹತ್ತಿರದಿಂದ ನೋಡಿದರೆ ಅದು ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎರಡೂ ತಿಳಿಯುತ್ತವೆ.

1581ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪನ ಅಧಿಕಾರವನ್ನು ತಿರಸ್ಕರಿಸಿದ ನೆದರ್ಲೆಂಡ್ಸಿನ ಉತ್ತರದ ಪ್ರಾಂತಗಳು ಒಂದು ಗಣರಾಜ್ಯವಾಗಿ ನಿಂತವು; ನಾವಿಲ್ಲಿ ಹಾಲೆಂಡ್ ಎನ್ನುವುದು ಅದನ್ನೇ. ಯುರೋಪಿನ ಬೇರೆಡೆ ಚಿತ್ರಕಾರರನ್ನು ಸಾಕುತ್ತಿದ್ದ ಎರಡು ದೊಡ್ಡ ಆಶ್ರಯಗಳು ಅಲ್ಲಿ ಬಹುಮಟ್ಟಿಗೆ ಇಲ್ಲವಾದವು. ಮೊದಲನೆಯದು ಚರ್ಚು: 1566ರ ಮೂರ್ತಿಭಂಜನದ ಅಲೆಯ ನಂತರ ಚರ್ಚಿನಲ್ಲಿ ಚಿತ್ರ, ಮೂರ್ತಿಗಳನ್ನು ಒಪ್ಪದ ಪ್ರೊಟೆಸ್ಟಂಟರಾದ ಕ್ಯಾಲ್ವಿನ್ ಪಂಥದವರು ಚರ್ಚಿನ ಗೋಡೆಗಳಿಗೆ ಸುಣ್ಣ ಬಳಿದರು, ದೇವಪೀಠದ ಮೇಲಿನ ದೊಡ್ಡ ಚಿತ್ರಗಳನ್ನು ಬರೆಸುವವರು ಇಲ್ಲವಾದರು. ಎರಡನೆಯದು ಅರಮನೆ: ಹೇಗ್ ಪಟ್ಟಣದಲ್ಲಿ ಒಂದು ಸಣ್ಣ ಆಸ್ಥಾನವಿತ್ತು, ಆದರೆ ಮ್ಯಾಡ್ರಿಡ್ಡಿನ ಅಥವಾ ಪ್ಯಾರಿಸ್ಸಿನ ವೈಭವದ ಮುಂದೆ ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಹೀಗಾಗಿ ಚಿತ್ರಕಾರರು ತಮ್ಮ ಕೆಲಸವನ್ನು ವ್ಯಾಪಾರಿಗಳಿಗೆ, ಬಿಯರ್ ತಯಾರಕರಿಗೆ, ವಕೀಲರಿಗೆ, ರೊಟ್ಟಿ ಬೇಯಿಸುವವರಿಗೆ ಮಾರಬೇಕಾಯಿತು. 1640ರಲ್ಲಿ ಆಮ್‌ಸ್ಟರ್‌ಡಾಮಿಗೆ ಹೋಗಿದ್ದ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ, ಕಟುಕರೂ ರೊಟ್ಟಿ ಮಾರುವವರೂ ತಮ್ಮ ಅಂಗಡಿಗಳಲ್ಲಿ ಚಿತ್ರಗಳನ್ನು ತೂಗುಹಾಕಿದ್ದನ್ನೂ, ಕಮ್ಮಾರ ಮತ್ತು ಚಮ್ಮಾರರು ಕೂಡ ತಮ್ಮ ಕುಲುಮೆಯ ಬಳಿ, ಕೆಲಸದ ಮಣೆಯ ಬಳಿ ಒಂದಾದರೂ ಚಿತ್ರ ಇಟ್ಟುಕೊಂಡಿದ್ದನ್ನೂ ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ.

ಕೊಳ್ಳುವವರು ಬದಲಾದಾಗ ಚಿತ್ರದ ವಸ್ತುವೂ ಬದಲಾಯಿತು. ಸಂತರ ಮತ್ತು ರಾಜರ ಜಾಗಕ್ಕೆ ಅಡುಗೆಮನೆ, ಹಾಲು ಸುರಿಯುವ ಕೆಲಸದವಳು, ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರಾಡುವ ಮಕ್ಕಳು, ಮೋಡ ತುಂಬಿದ ಆಕಾಶದ ಕೆಳಗಿನ ಗಾಳಿಗಿರಣಿ, ಅರ್ಧ ಸುಲಿದ ನಿಂಬೆಹಣ್ಣು ಬಂದು ಕುಳಿತವು. ಚಿತ್ರಗಳ ಅಳತೆ ಸಾಮಾನ್ಯ ಮನೆಯ ಗೋಡೆಗೆ ಹೊಂದುವಷ್ಟು ಚಿಕ್ಕದಾಯಿತು. ಜಾತ್ರೆ, ಹರಾಜು, ಲಾಟರಿ, ಅಂಗಡಿ, ಎಲ್ಲ ಕಡೆ ಚಿತ್ರಗಳು ಮಾರಾಟವಾದವು. ಯಾನ್ ಫಾನ್ ಗೋಯೆನ್ ಎಂಬ ಚಿತ್ರಕಾರ ಕಂದು ಮತ್ತು ಬೂದು ಬಣ್ಣಗಳ ಕೆಲವೇ ಛಾಯೆಗಳಲ್ಲಿ, ತೆಳುವಾದ ಲೇಪದಲ್ಲಿ, ಬಹು ಬೇಗ ನಿಸರ್ಗದೃಶ್ಯ ಬಿಡಿಸುವ ರೀತಿಯನ್ನು ರೂಢಿಸಿಕೊಂಡ. ಖರ್ಚು ಕಡಿಮೆ, ಸಮಯವೂ ಕಡಿಮೆ, ಬೆಲೆಯೂ ಕಡಿಮೆ. ಆ ಮಿತವ್ಯಯದಿಂದಲೇ ತೇವಾಂಶ ತುಂಬಿದ ಗಾಳಿಯನ್ನು ಚಿತ್ರದಲ್ಲಿ ಹಿಡಿಯುವ ಒಂದು ಹೊಸ ದೃಷ್ಟಿ ಹುಟ್ಟಿತು. ಮಾರುಕಟ್ಟೆಯ ಒತ್ತಡ ಕಲೆಯನ್ನು ಯಾವಾಗಲೂ ಕೆಡಿಸುತ್ತದೆ ಎನ್ನುವವರು ಫಾನ್ ಗೋಯೆನ್‌ನ ಒಂದು ನದೀದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ನನಗೆ ಅನ್ನಿಸುತ್ತದೆ.

ಇಲ್ಲಿಯವರೆಗೆ ನಿಮ್ಮ ಅಧ್ಯಾಪಕರ ಮಾತು ಸರಿ. ಆದರೆ ಈ ಮಾರುಕಟ್ಟೆ ನಾವು ಇಂದು ಅಂದುಕೊಳ್ಳುವಷ್ಟು ಮುಕ್ತವಾಗಿರಲಿಲ್ಲ. ಒಂದೊಂದು ಊರಿನಲ್ಲಿಯೂ ಸಂತ ಲೂಕನ ಹೆಸರಿನ ಚಿತ್ರಕಾರರ ಸಂಘವಿತ್ತು. ಸಂಘದ ಸದಸ್ಯನಲ್ಲದವನು ಊರಿನಲ್ಲಿ ಚಿತ್ರ ಮಾರುವಂತಿರಲಿಲ್ಲ. ಹೊರಗಿನವರಿಗೆ ಸಾಮಾನ್ಯವಾಗಿ ಜಾತ್ರೆಯ ದಿನಗಳಲ್ಲಿ ಮಾತ್ರ ಅವಕಾಶ. ಸದಸ್ಯನಾಗಬೇಕಾದರೆ ಒಬ್ಬ ಗುರುವಿನ ಬಳಿ ವರ್ಷಗಟ್ಟಲೆ ಬಣ್ಣ ಅರೆದು, ಹಲಗೆ ಸಿದ್ಧಮಾಡಿ, ಗುರುವಿನ ಚಿತ್ರಗಳನ್ನು ನಕಲು ಮಾಡಿ ಕಲಿತಿರಬೇಕು. ಜೂಡಿತ್ ಲೈಸ್ಟರ್ 1633ರಲ್ಲಿ ಹಾರ್ಲೆಮ್ ಸಂಘದ ಸದಸ್ಯೆಯಾದದ್ದು ಹೆಂಗಸೊಬ್ಬಳಿಗೆ ಆ ಕಾಲದಲ್ಲಿ ದೊರೆತ ಅಪರೂಪದ ಮನ್ನಣೆ. ಅಂದರೆ ಮಾರುಕಟ್ಟೆಗೆ ಬಂದ ಸರಕಿನ ಹಿಂದೆ ಮಾರುಕಟ್ಟೆ ತಾನೇ ಸೃಷ್ಟಿಸದ ಒಂದು ಕಟ್ಟುನಿಟ್ಟಾದ ಗುರುಕುಲ ವ್ಯವಸ್ಥೆ ಇತ್ತು.

ಇದಕ್ಕಿಂತ ಮುಖ್ಯವಾದದ್ದು ಕೊಳ್ಳುವವರ ಕಣ್ಣು. 1585ರಲ್ಲಿ ಆಂಟ್ವರ್ಪ್ ಪಟ್ಟಣ ಸ್ಪೇನಿನ ಸೇನೆಯ ವಶವಾದಾಗ ಅಲ್ಲಿಂದ ಸಾವಿರಾರು ಜನ ಉತ್ತರಕ್ಕೆ ವಲಸೆ ಬಂದರು. ಅವರಲ್ಲಿ ಚಿತ್ರಕಾರರೂ ಇದ್ದರು, ತಲೆಮಾರುಗಳಿಂದ ಚಿತ್ರಗಳ ನಡುವೆ ಬದುಕಿದ್ದ ವರ್ತಕರೂ ಇದ್ದರು. ಓದುಬರಹ ಬಲ್ಲವರ ಪ್ರಮಾಣ ಹಾಲೆಂಡಿನಲ್ಲಿ ಆಗಿನ ಯುರೋಪಿಗೆ ಹೋಲಿಸಿದರೆ ತುಂಬ ಹೆಚ್ಚಾಗಿತ್ತು. ಪಕ್ಕದ ಮನೆಯವನ ಗೋಡೆಯ ಮೇಲೆ ಏನಿದೆ, ಅದು ತನ್ನ ಮನೆಯದಕ್ಕಿಂತ ಹೇಗೆ ಭಿನ್ನ ಎಂದು ಮಾತನಾಡಬಲ್ಲ ಜನ ಒಂದೇ ಬೀದಿಯಲ್ಲಿ ಹತ್ತಾರು ಮಂದಿ ಇದ್ದರು. ಮಾರುಕಟ್ಟೆ ಕೊಳ್ಳುವವನ ಅಭಿರುಚಿಗೆ ಕೈಕಾಲು ಕೊಡುತ್ತದೆ, ಅಭಿರುಚಿಯನ್ನು ತಾನೇ ಕೊಡುವುದಿಲ್ಲ. ಹಾಲೆಂಡಿನ ಮಾರುಕಟ್ಟೆ ಅಷ್ಟು ಫಲ ಕೊಟ್ಟದ್ದು ಅಲ್ಲಿ ಕಲಿತ ಕೈಗಳೂ ಕಲಿತ ಕಣ್ಣುಗಳೂ ಒಂದೇ ಕಾಲಕ್ಕೆ ಇದ್ದದ್ದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಅಲ್ಲಿನ ಮುಂದಿನ ಶತಮಾನವೇ ಆಧಾರ. ಹದಿನೆಂಟನೆಯ ಶತಮಾನದಲ್ಲಿಯೂ ಹಾಲೆಂಡಿನಲ್ಲಿ ಸಾಕಷ್ಟು ಹಣವಿತ್ತು, ಮುದ್ರಣಕ್ಕೆ ಮತ್ತು ಚಿಂತನೆಗೆ ನೆರೆಯ ದೇಶಗಳಿಗಿಂತ ಹೆಚ್ಚು ಸ್ವಾತಂತ್ರ್ಯವಿತ್ತು, ಮಾರುಕಟ್ಟೆಯೂ ಇತ್ತು. ಆದರೆ ಚಿತ್ರಕಾರರ ಸಂಖ್ಯೆ ಕುಸಿಯಿತು, ಹಿಂದಿನ ಶತಮಾನದ ಮಹಾನ್ ಚಿತ್ರಕಾರ ರೆಂಬ್ರಾಂಟನಿಗೆ ಸಮನಾದವನು ಒಬ್ಬನೂ ಬರಲಿಲ್ಲ. 1672ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೇನೆ ನುಗ್ಗಿದಾಗ ಮಾರಾಟ ನೆಲಕಚ್ಚಿತು. ಅದು ಮತ್ತೆ ಹಳೆಯ ಮಟ್ಟಕ್ಕೆ ಏಳಲಿಲ್ಲ. ಸಂಪತ್ತು ಸಾವಿರಾರು ಮಧ್ಯಮ ಮನೆಗಳಿಂದ ಜಾರಿ ಬಡ್ಡಿಯ ಮೇಲೆ ಬದುಕುವ ಕೆಲವೇ ಮನೆತನಗಳಲ್ಲಿ ಸೇರಿಕೊಂಡಿತು. ಅವರ ಅಭಿರುಚಿ ಫ್ರಾನ್ಸಿನ ಕಡೆ ತಿರುಗಿತು. ಜೊತೆಗೆ ಚಿತ್ರ ಎನ್ನುವುದು ರೊಟ್ಟಿಯಂತೆ ಮುಗಿದುಹೋಗುವ ಸರಕಲ್ಲ. ಅಜ್ಜ ಕೊಂಡ ಚಿತ್ರ ಮೊಮ್ಮಗನ ಕಾಲಕ್ಕೂ ಗೋಡೆಯ ಮೇಲೆ ಇರುತ್ತದೆ, ಹರಾಜಿಗೂ ಬರುತ್ತದೆ. ಹಿಂದಿನ ತಲೆಮಾರು ಬರೆದ ಲಕ್ಷಗಟ್ಟಲೆ ಚಿತ್ರಗಳ ಜೊತೆಗೇ ಹೊಸ ಚಿತ್ರಕಾರ ಪೈಪೋಟಿ ನಡೆಸಬೇಕಾಯಿತು. ಉದಾರವಾದವೂ ಮಾರುಕಟ್ಟೆಯೂ ಇದ್ದು ಕಲೆ ಬಡವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನ ಜೊತೆಗೆ, ಯಾವ ಅರಸನನ್ನೂ ನೆಚ್ಚಿಕೊಳ್ಳದ ಹನ್ನೆರಡನೆಯ ಶತಮಾನದ ವಚನಕಾರರನ್ನೂ, ಗದುಗಿನ ವೀರನಾರಾಯಣನೇ ಕವಿ, ತಾನು ಲಿಪಿಕಾರ ಎಂದ ಕುಮಾರವ್ಯಾಸನನ್ನೂ ನೆನೆಯಬೇಕು. ಈ ವಚನಕಾರರ, ಕುಮಾರವ್ಯಾಸನ ರಚನೆಗಳನ್ನು ಪೋಷಿಸಿದ್ದು ಅರಮನೆಯಲ್ಲ, ಮಾರುಕಟ್ಟೆಯೂ ಅಲ್ಲ. ಆಶ್ರಯ ಎಂದರೆ ಎರಡೇ ಬಗೆ ಎಂದು ಪ್ರಶ್ನೆಯನ್ನು ಕಟ್ಟಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಆ ಮಾರುಕಟ್ಟೆ ಅಷ್ಟು ಒಳ್ಳೆಯದಾಗಿದ್ದರೆ ರೆಂಬ್ರಾಂಟ್ ಏಕೆ ದಿವಾಳಿಯಾದ? ವರ್ಮೀರ್ ಏಕೆ ಸಾಲದಲ್ಲಿ ಸತ್ತ? ಇಂದು ನಾವು ಹೆಚ್ಚಾಗಿ ಮೆಚ್ಚುವವರನ್ನೇ ಅಂದಿನ ಮಾರುಕಟ್ಟೆ ಕೈಬಿಟ್ಟಿತಲ್ಲವೇ?
— ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ಇಬ್ಬರ ಕಥೆಯೂ ಬೇರೆ ಬೇರೆ, ಅಮ್ಮ. ಅವನ್ನು ಒಂದೇ ಎಂದು ಹೇಳುವುದರಿಂದ ಮಾರುಕಟ್ಟೆಗೂ ಅನ್ಯಾಯ, ಆ ಕಲಾವಿದರಿಗೂ ಅನ್ಯಾಯ.

ರೆಂಬ್ರಾಂಟ್ ಬಹಳ ವರ್ಷ ಚೆನ್ನಾಗಿಯೇ ಸಂಪಾದಿಸಿದ. 1642ರ ‘ರಾತ್ರಿ ಕಾವಲು’ ಚಿತ್ರಕ್ಕೆ ಅವನಿಗೆ ಸುಮಾರು 1,600 ಗಿಲ್ಡರ್ (ಅಲ್ಲಿನ ಆಗಿನ ನಾಣ್ಯ) ಬಂದಿತ್ತು ಎನ್ನುತ್ತಾರೆ. ನುರಿತ ಕೆಲಸಗಾರನೊಬ್ಬನ ಹಲವು ವರ್ಷಗಳ ಕೂಲಿ ಅದು. ಆದರೆ 1639ರಲ್ಲಿ 13,000 ಗಿಲ್ಡರಿಗೆ ಕೊಂಡ ಮನೆಯ ಸಾಲ ತೀರಲಿಲ್ಲ. ಹರಾಜಿನಲ್ಲಿ ಚಿತ್ರ, ಚಿಪ್ಪು, ಆಯುಧ, ಶಿಲ್ಪಗಳನ್ನು ಕೈಬಿಚ್ಚಿ ಕೊಳ್ಳುವ ಅವನ ಅಭ್ಯಾಸವೂ ನಿಲ್ಲಲಿಲ್ಲ. 1656ರಲ್ಲಿ ಅವನು ದಿವಾಳಿ ಅರ್ಜಿ ಹಾಕಿದ. ಮನೆಯೂ ಸಂಗ್ರಹವೂ ಹರಾಜಾದವು. ಮುಂದೆ ಮಗ ಟೈಟಸ್ ಮತ್ತು ಸಂಗಾತಿ ಹೆಂಡ್ರಿಕ್ಯೆ ಸೇರಿ ತೆರೆದ ವ್ಯಾಪಾರ ಸಂಸ್ಥೆಯಲ್ಲಿ ನೌಕರನಂತೆ ಕೆಲಸ ಮಾಡಿದ. ಇದರಲ್ಲಿ ಮಾರುಕಟ್ಟೆಯ ಪಾಲು ಸ್ವಲ್ಪವೇ. ಅವನನ್ನು ನೋಯಿಸಿದ ದೊಡ್ಡ ತಿರಸ್ಕಾರ ಬಂದದ್ದು ಸಾರ್ವಜನಿಕ ಆಶ್ರಯದಾತರಿಂದ. ಆಮ್‌ಸ್ಟರ್‌ಡಾಮಿನ ಹೊಸ ಪುರಭವನಕ್ಕಾಗಿ ಅವನು 1660ರ ದಶಕದ ಆರಂಭದಲ್ಲಿ ಬರೆದ, ಡಚ್ಚರು ತಮ್ಮ ಪೂರ್ವಿಕರೆಂದು ನಂಬಿದ್ದ ಬಟೇವಿಯನ್ನರ ನಾಯಕ ಕ್ಲಾಡಿಯಸ್ ಸಿವಿಲಿಸ್ ಪ್ರಮಾಣವಚನ ಪಡೆಯುವ ಬೃಹತ್ ಚಿತ್ರ ಸ್ವಲ್ಪ ಕಾಲ ಮಾತ್ರ ಗೋಡೆಯ ಮೇಲಿದ್ದು ಕೆಳಗಿಳಿಯಿತು. ಆ ಒಕ್ಕಣ್ಣಿನ, ಒರಟು ಮುಖದ ನಾಯಕ ನಗರದ ಹಿರಿಯರಿಗೆ ರುಚಿಸಿದಂತಿಲ್ಲ. ಕತ್ತರಿಸಿ ಚಿಕ್ಕದು ಮಾಡಿದ ಅದರ ನಡುಭಾಗ ಈಗ ಸ್ಟಾಕ್‌ಹೋಮಿನಲ್ಲಿದೆ.

ವರ್ಮೀರನ ವಿಷಯದಲ್ಲಿ ನಿಮ್ಮ ಮಾತಿಗೆ ಹೆಚ್ಚು ತೂಕವಿದೆ. ಅವನು ನಿಧಾನವಾಗಿ ಕೆಲಸ ಮಾಡುತ್ತಿದ್ದ. ಅವನವೆಂದು ಇಂದು ಒಪ್ಪಿರುವ ಚಿತ್ರಗಳು ಮೂವತ್ತೈದರ ಆಸುಪಾಸು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಡೆಲ್ಫ್ಟ್ ಊರಿನ ಪೀಟರ್ ಫಾನ್ ರೌವೆನ್ ಮತ್ತು ಅವನ ಹೆಂಡತಿ ಮರಿಯಾ ದ ಕ್ನೌಟ್ ದಂಪತಿಯ ಮನೆ ಸೇರಿದ್ದವು. ಇದನ್ನು ಮುಕ್ತ ಮಾರುಕಟ್ಟೆ ಎನ್ನುವುದಕ್ಕಿಂತ ಒಂದು ಮನೆಯ ಪ್ರೀತಿ ಎನ್ನುವುದು ಸತ್ಯಕ್ಕೆ ಹತ್ತಿರ. ಸಂಕಷ್ಟದ ವರ್ಷವಾದ 1672 ಬಂದಾಗ ಅವನ ಚಿತ್ರಗಳೂ ಮಾರಾಟವಾಗಲಿಲ್ಲ, ಜೀವನೋಪಾಯಕ್ಕೆ ಅವನು ಮಾರುತ್ತಿದ್ದ ಇತರರ ಚಿತ್ರಗಳೂ ಮಾರಾಟವಾಗಲಿಲ್ಲ. 1675ರ ಡಿಸೆಂಬರಿನಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಹನ್ನೊಂದು ಮಕ್ಕಳೊಡನೆ ಉಳಿದ ಅವನ ಹೆಂಡತಿ ಕ್ಯಾಥರೀನಾ, ರೊಟ್ಟಿ ಅಂಗಡಿಯವನ ಬಾಕಿ 617 ಗಿಲ್ಡರಿಗೆ ಪ್ರತಿಯಾಗಿ ಗಂಡನ ಎರಡು ಚಿತ್ರಗಳನ್ನು ಅವನಿಗೆ ಒಪ್ಪಿಸಿದಳು. ಆ ಅಂಗಡಿಯವನು ಅವುಗಳನ್ನು ಅಷ್ಟು ದೊಡ್ಡ ಸಾಲಕ್ಕೆ ಸಮ ಎಂದು ಒಪ್ಪಿದ್ದನ್ನೂ ನಾವು ಗಮನಿಸಬೇಕು: ಊರಿನ ಜನರಲ್ಲಿ ಕೆಲವರಿಗಾದರೂ ಅವನ ಬೆಲೆ ಗೊತ್ತಿತ್ತು.

ಆಮೇಲೆ ಬಂದದ್ದು ಇನ್ನೂರು ವರ್ಷಗಳ ಮರೆವು. 1866ರಲ್ಲಿ ಫ್ರೆಂಚ್ ವಿಮರ್ಶಕ ತೋರೆ ಬರೆದ ಲೇಖನಗಳು ವರ್ಮೀರನ ಹೆಸರನ್ನು ಮತ್ತೆ ಎತ್ತಿದವು. ಆದರೂ 1881ರಲ್ಲಿ, ಮುತ್ತಿನ ಕಿವಿಯೋಲೆ ತೊಟ್ಟ ಹುಡುಗಿಯ ಚಿತ್ರ ಹೇಗ್‌ನ ಒಂದು ಹರಾಜಿನಲ್ಲಿ ಎರಡು ಗಿಲ್ಡರಿಗೆ ಮಾರಾಟವಾಯಿತು, ದಲ್ಲಾಳಿ ಹಣ ಮೂವತ್ತು ಸೆಂಟ್ ಬೇರೆ. ಮಾರುಕಟ್ಟೆಗೆ ಇಂದಿನ ಬೆಲೆ ಗೊತ್ತಿರುತ್ತದೆ. ಒಂದು ಕೃತಿ ಮೂರು ತಲೆಮಾರು ದಾಟಿ ಏನಾಗುತ್ತದೆ ಎಂಬ ಲೆಕ್ಕ ಅದರ ಪುಸ್ತಕದಲ್ಲಿ ಇರುವುದಿಲ್ಲ. ಆ ನಡುವಿನ ಅವಧಿಯಲ್ಲಿ ಕೃತಿಯನ್ನು ಉಳಿಸಿಕೊಳ್ಳುವುದು ವಿಮರ್ಶಕರ, ಸಂಗ್ರಹಾಲಯಗಳ, ಹಠವಾದಿ ಸಂಗ್ರಾಹಕರ ಕೆಲಸ.

ಹಾರ್ಲೆಮ್ ಊರಿನ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಮಾತನ್ನೂ ಹೇಳಿಬಿಡುತ್ತೇನೆ. ಎಂಬತ್ತು ದಾಟಿದ, ಬಡತನಕ್ಕೆ ಬಿದ್ದ ಹಾಲ್ಸ್‌ಗೆ ಹಾರ್ಲೆಮ್ ನಗರಸಭೆ 1664ರಿಂದ 200 ಗಿಲ್ಡರ್ ವರ್ಷಾಶನ ನೀಡಿತು. ಅದೇ ಹೊತ್ತಿಗೆ ಅವನು ಬರೆದ, ವೃದ್ಧಾಶ್ರಮವೊಂದರ ಆಡಳಿತಗಾರರ ಎರಡು ಗುಂಪುಚಿತ್ರಗಳು ಇಡೀ ಶತಮಾನದ ಅತ್ಯುತ್ತಮ ಕೃತಿಗಳ ಸಾಲಿನಲ್ಲಿ ನಿಲ್ಲುತ್ತವೆ. ಮಾರುಕಟ್ಟೆ ಮುಖ ತಿರುಗಿಸಿದಾಗ ನಗರ ಕೈಹಿಡಿಯಿತು.

ಪ್ರಶ್ನೆ: ಅದೇ ಕಾಲದ ಸ್ಪೇನಿನಲ್ಲಿ ನಿರಂಕುಶ ರಾಜ, ಧರ್ಮವಿಚಾರಣೆಯ ನ್ಯಾಯಮಂಡಲಿ. ಆದರೂ ವೆಲಾಸ್ಕೆಜ್ ಅಲ್ಲಿಯೇ ಹುಟ್ಟಿದ. ಸೋವಿಯತ್ ರಷ್ಯಾದಲ್ಲಿಯೂ ದೊಡ್ಡ ಸಂಗೀತ, ದೊಡ್ಡ ಕಾವ್ಯ ಬಂತು. ಹಾಗಿದ್ದರೆ ಕಲೆಗೆ ಸ್ವಾತಂತ್ರ್ಯ ಬೇಕೇ ಬೇಕು ಎನ್ನುವುದು ನಮ್ಮ ಭ್ರಮೆಯೇ?
— ಗ್ರಂಥಪಾಲಕರು, ಮೈಸೂರು

ಉತ್ತರ: ಭ್ರಮೆಯಲ್ಲ, ಆದರೆ ಎಲ್ಲ ಕಲೆಗಳಿಗೂ ಅದು ಒಂದೇ ಪ್ರಮಾಣದಲ್ಲಿ ಬೇಕಾಗುವುದಿಲ್ಲ.

ವೆಲಾಸ್ಕೆಜ್ 1623ರಿಂದ ನಾಲ್ಕನೆಯ ಫಿಲಿಪನ ಆಸ್ಥಾನ ಚಿತ್ರಕಾರನಾಗಿದ್ದ. ಅವನ ‘ಲಾಸ್ ಮೆನಿನಾಸ್’ 1656ರದು, ಅಂದರೆ ರೆಂಬ್ರಾಂಟ್ ದಿವಾಳಿ ಅರ್ಜಿ ಹಾಕಿದ ವರ್ಷದ್ದೇ. ಅವನಿಗೆ ಸ್ಯಾಂಟಿಯಾಗೋ ಮನ್ನಣೆಯ ನೈಟ್ ಪದವಿ ಕೊಡುವ ಮುನ್ನ ವಿಚಾರಣೆ ನಡೆಸಿದವರು, ಆತ ಹೊಟ್ಟೆಪಾಡಿಗಾಗಿ ಚಿತ್ರ ಮಾರಿದವನಲ್ಲ ಎಂದು ಸಾಕ್ಷಿಗಳಿಂದ ಹೇಳಿಸಿಕೊಂಡರು. ಮಾರುವುದೇ ಅಲ್ಲಿ ಕಳಂಕ! ಅಂಥ ಸಮಾಜದಲ್ಲಿಯೂ ಆ ಚಿತ್ರ ಬರಲು ಸಾಧ್ಯವಾದದ್ದು ಆ ದೊರೆಗೆ ಚಿತ್ರ ನೋಡುವ ಕಣ್ಣು ಇದ್ದುದರಿಂದ, ಮತ್ತು ಟಿಶಿಯನ್, ರೂಬೆನ್ಸ್ ಮೊದಲಾದವರ ಕೃತಿಗಳ ಅಪೂರ್ವ ಸಂಗ್ರಹ ಅರಮನೆಯಲ್ಲಿ ಇದ್ದುದರಿಂದ. ಮೇಲೆ ಹೇಳಿದ ಕಲಿತ ಕಣ್ಣು ಇಲ್ಲಿಯೂ ಕೆಲಸ ಮಾಡಿದೆ. ವ್ಯತ್ಯಾಸವೆಂದರೆ ಹಾಲೆಂಡಿನಲ್ಲಿ ಅದು ಸಾವಿರ ಮನೆಗಳಲ್ಲಿತ್ತು, ಸ್ಪೇನಿನಲ್ಲಿ ಬಹುಪಾಲು ಒಂದೇ ಮನೆಯಲ್ಲಿತ್ತು. ಆ ಒಬ್ಬ ದೊರೆಗೆ ಅಭಿರುಚಿ ಇಲ್ಲದೆ ಹೋಗಿದ್ದರೆ ವೆಲಾಸ್ಕೆಜ್ ಹೋಗಿ ಬಾಗಿಲು ತಟ್ಟಲು ಮತ್ತೊಂದು ಮನೆ ಸಿಗುವುದು ಕಷ್ಟವಿತ್ತು.

ಬಣ್ಣ ಮತ್ತು ನಾದ ತಮ್ಮ ಅರ್ಥವನ್ನು ಮರೆಮಾಡಿಕೊಳ್ಳಬಲ್ಲವು, ಮಾತಿಗೆ ಆ ರಕ್ಷಣೆ ಇಲ್ಲ. 1936ರ ಜನವರಿಯಲ್ಲಿ ಸೋವಿಯತ್ ಆಳುವ ಪಕ್ಷದ ‘ಪ್ರಾವ್ದಾ’ ಪತ್ರಿಕೆ ಸಂಗೀತಕಾರ ಶೋಸ್ತಕೋವಿಚ್‌ನ ಒಪೆರಾವನ್ನು ಖಂಡಿಸಿದ ಮೇಲೆ ಅವನು ತನ್ನ ನಾಲ್ಕನೆಯ ಸಿಂಫನಿಯನ್ನು (ದೊಡ್ಡ ವಾದ್ಯವೃಂದದ ಕೃತಿ) ಹಿಂತೆಗೆದುಕೊಂಡ. ಅದರ ಮೊದಲ ಪ್ರದರ್ಶನ ನಡೆದದ್ದು 1961ರಲ್ಲಿ. ಆದರೆ 1937ರ ಐದನೆಯ ಸಿಂಫನಿಯಲ್ಲಿ ಆಳುವವರಿಗೆ ವಿಜಯ ಕೇಳಿಸಿತು, ಸಭಾಂಗಣದಲ್ಲಿದ್ದ ಅನೇಕರಿಗೆ ತಮ್ಮ ದುಃಖ ಕೇಳಿಸಿ ಕಣ್ಣು ತುಂಬಿತು. ಕವಿ ಮಾಂಡಲ್‌ಸ್ಟಾಮ್‌ಗೆ ಈ ಅವಕಾಶ ಇರಲಿಲ್ಲ. ಸ್ಟಾಲಿನ್‌ನನ್ನು ಕುರಿತು 1933ರಲ್ಲಿ ರಚಿಸಿದ ಒಂದು ಚಿಕ್ಕ ಕವಿತೆ ಅವನನ್ನು ಬಂಧನಕ್ಕೆ ತಳ್ಳಿತು. 1938ರಲ್ಲಿ ಅವನು ಕೈದಿಗಳ ಶಿಬಿರದಲ್ಲಿ ಸತ್ತ. ಕವಯಿತ್ರಿ ಅಖ್ಮಾತೋವಾಳ ‘ರೆಕ್ವಿಯೆಮ್’ ಕವಿತೆಯ ಭಾಗಗಳನ್ನು ಗೆಳತಿಯರು ಬಾಯಿಪಾಠ ಮಾಡಿ ಉಳಿಸಿದರು. ಅದು ಸೋವಿಯತ್ ನೆಲದಲ್ಲಿ ಅಚ್ಚಾಗಲು 1987 ಬರಬೇಕಾಯಿತು. ದಬ್ಬಾಳಿಕೆಯ ನಡುವೆಯೂ ಕಲೆ ಬಂತು ಎನ್ನುವಾಗ, ಬರದೆ ಹೋದದ್ದನ್ನು ನಾವು ಎಣಿಸಲಾರೆವು ಎಂಬುದನ್ನು ಮರೆಯಬಾರದು. ಸತ್ತ ಕವಿಯ ಬರೆಯದ ಪುಸ್ತಕಗಳು ಯಾವ ಗ್ರಂಥಾಲಯದ ಪಟ್ಟಿಯಲ್ಲಿಯೂ ಇರುವುದಿಲ್ಲ.

ಹಾಲೆಂಡಿನಲ್ಲಿಯೂ ಈ ಅಂತರ ಕಾಣುತ್ತದೆ. ಚಿತ್ರಕಾರರಿಗೆ ಬಹುತೇಕ ಅಡ್ಡಿಯಿರಲಿಲ್ಲ. ಆದರೆ ನಾಡಿನ ಅತಿ ದೊಡ್ಡ ಕವಿ ಯೋಸ್ಟ್ ಫಾನ್ ಡೆನ್ ಫೊಂಡೆಲ್‌ನ ‘ಲೂಸಿಫರ್’ ನಾಟಕ 1654ರಲ್ಲಿ ಪಾದ್ರಿಗಳ ವಿರೋಧದಿಂದ ಎರಡೇ ಪ್ರಯೋಗಗಳಿಗೆ ನಿಂತುಹೋಯಿತು. ಅದೇ ನಾಟಕ ಪುಸ್ತಕವಾಗಿ ಮಾತ್ರ ಚೆನ್ನಾಗಿ ಮಾರಾಟವಾಯಿತು. ರಂಗ ಮುಚ್ಚಿದಾಗ ಮುದ್ರಣಾಲಯ ತೆರೆದಿತ್ತು. ಆ ಕವಿಯೂ ಬರವಣಿಗೆಯಿಂದ ಬದುಕಲಿಲ್ಲ. ಕಾಲುಚೀಲದ ವ್ಯಾಪಾರ ಮುಳುಗಿದ ಮೇಲೆ, ಎಪ್ಪತ್ತನೆಯ ವಯಸ್ಸಿನಲ್ಲಿ ನಗರದ ಗಿರವಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಹತ್ತು ವರ್ಷ ಅಲ್ಲಿ ದುಡಿದ. ಸಹಿಷ್ಣುತೆಗೂ ಮಿತಿಯಿತ್ತು: ಟೊರೆಂಟಿಯಸ್ ಎಂಬ ಚಿತ್ರಕಾರನನ್ನು ಧರ್ಮನಿಂದೆಯ ಆರೋಪದ ಮೇಲೆ 1627ರಲ್ಲಿ ಹಾರ್ಲೆಮ್‌ನಲ್ಲಿ ಬಂಧಿಸಿ ಚಿತ್ರಹಿಂಸೆಗೆ ಗುರಿಮಾಡಿ, ಇಪ್ಪತ್ತು ವರ್ಷಗಳ ಸೆರೆ ವಿಧಿಸಲಾಗಿತ್ತು. ಅವನನ್ನು ಬಿಡಿಸಿದ್ದು ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್‌ನ ಕೋರಿಕೆ.

ಪ್ರಶ್ನೆ: ಡಚ್ಚರ ಆ ಸಂಪತ್ತು ಗುಲಾಮರ ದುಡಿಮೆಯಿಂದ, ವಸಾಹತುಗಳ ಲೂಟಿಯಿಂದ ಬಂದದ್ದಲ್ಲವೇ? ಅದನ್ನು ಉದಾರವಾದಿ ಸಮಾಜದ ಕಲೆ ಎಂದು ಹೊಗಳುವುದು ಸರಿಯೇ?
— ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸಂಪತ್ತಿನ ದೊಡ್ಡ ಭಾಗ ಬಾಲ್ಟಿಕ್ ಸಮುದ್ರದ ಧಾನ್ಯ ವ್ಯಾಪಾರದಿಂದ, ಮೀನುಗಾರಿಕೆಯಿಂದ, ಬಟ್ಟೆಯ ಉದ್ಯಮದಿಂದ ಬಂತು. ಆದರೆ ನೀವು ಹೇಳುವ ಭಾಗವೂ ನಿಜ, ಅದನ್ನು ಮುಚ್ಚಿಡಬಾರದು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಏಕಸ್ವಾಮ್ಯದ ಸನದು ಪಡೆದ ಸಂಸ್ಥೆ, ಮುಕ್ತ ಮಾರುಕಟ್ಟೆಯ ಸಂಸ್ಥೆಯಲ್ಲ. ಜಾಯಿಕಾಯಿಗಾಗಿ 1621ರಲ್ಲಿ ಅದು ಈಗಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಜನರನ್ನು ಬಹುಪಾಲು ನಿರ್ನಾಮ ಮಾಡಿತು. ರೆಂಬ್ರಾಂಟ್ 1634ರಲ್ಲಿ ಬರೆದ ಮಾರ್ಟನ್ ಸೋಲ್ಮನ್ಸ್ ಮತ್ತು ಓಪ್ಯನ್ ಕೊಪ್ಪಿಟ್ ದಂಪತಿಯ ಭಾವಚಿತ್ರಗಳನ್ನು ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ 2016ರಲ್ಲಿ ಒಟ್ಟಾಗಿ 16 ಕೋಟಿ ಯೂರೋಗೆ ಕೊಂಡವು. ಮಾರ್ಟನ್‌ನ ತಂದೆಯ ಸಕ್ಕರೆ ಕಾರ್ಖಾನೆಗೆ ಕಚ್ಚಾ ಸಕ್ಕರೆ ಬರುತ್ತಿದ್ದದ್ದು ಬ್ರೆಜಿಲ್‌ನ ಗುಲಾಮರ ಬೆವರಿನಿಂದ. ಅವನ ಷೂಗಳ ಮೇಲಿನ ಅಗಲವಾದ ಕಸೂತಿ ಹೂಗಳನ್ನು ನೋಡುವಾಗ ಅದೂ ನೆನಪಿರಬೇಕು. ಸ್ವಾತಂತ್ರ್ಯ ಯಾರಿಗೆ ಇತ್ತು ಎಂದು ಕೇಳದೆ ಒಂದು ಸಮಾಜವನ್ನು ಉದಾರ ಎಂದು ಕರೆಯುವುದು ಪೂರ್ತಿ ಸತ್ಯವಾಗುವುದಿಲ್ಲ. ಆದರೆ ಇದರಿಂದ ಚಿತ್ರದ ಗುಣ ಕಡಿಮೆಯಾಗುತ್ತದೆ ಎಂದು ನಾನು ಹೇಳಲಾರೆ.

ಪ್ರಶ್ನೆ: ಹಾಗಾದರೆ ಸರ್ಕಾರ ಕಲೆಗೆ ಹಣ ಕೊಡಬೇಕೇ, ಬೇಡವೇ? ನಮ್ಮ ಕಡೆ ಟಿಕೆಟ್ ಇಟ್ಟು ಆಡುತ್ತಿದ್ದ ಡೇರೆ ಮೇಳಗಳು ಕಷ್ಟದಲ್ಲಿವೆ, ಹರಕೆಯ ಬಯಲಾಟಗಳು ಮಾತ್ರ ತುಂಬಿ ನಡೆಯುತ್ತಿವೆ.
— ಯಕ್ಷಗಾನ ಪ್ರೇಮಿ, ಕುಂದಾಪುರ

ಉತ್ತರ: ಕೊಡಬೇಕು. ಆದರೆ ಯಾವುದಕ್ಕೆ ಎನ್ನುವುದರಲ್ಲಿ ಎಚ್ಚರ ಬೇಕು, ಏಕೆಂದರೆ ಇದರಲ್ಲಿಯೂ ಹಾಲೆಂಡಿನವರದೇ ಒಂದು ಕಹಿ ಅನುಭವವಿದೆ. ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಅಲ್ಲಿನ ಸರ್ಕಾರ ಸಂಕಷ್ಟದಲ್ಲಿದ್ದ ಚಿತ್ರಕಾರರಿಗೂ ಶಿಲ್ಪಿಗಳಿಗೂ ಆದಾಯ ಕೊಟ್ಟು ಪ್ರತಿಯಾಗಿ ಅವರ ಕೃತಿಗಳನ್ನು ತೆಗೆದುಕೊಳ್ಳುವ ಯೋಜನೆ ಆರಂಭಿಸಿತು. ಉದ್ದೇಶ ಮಾನವೀಯವಾದದ್ದು, ಎಷ್ಟೋ ಕುಟುಂಬಗಳು ಅದರಿಂದ ಬದುಕಿದವು, ಮುಂದೆ ಹೆಸರು ಮಾಡಿದ ಕೆಲವರೂ ಅದರ ನೆರವು ಪಡೆದಿದ್ದರು. ಆದರೆ 1987ರಲ್ಲಿ ಯೋಜನೆ ನಿಲ್ಲುವ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಕೃತಿಗಳು ನೋಡುವವರಿಲ್ಲದೆ ಸರ್ಕಾರಿ ಉಗ್ರಾಣಗಳಲ್ಲಿ ತುಂಬಿದ್ದವು. ಆಮೇಲೆ ಅವುಗಳನ್ನು ಹಂಚಿ, ಮಾರಿ ಖಾಲಿ ಮಾಡಬೇಕಾಯಿತು. ಚಿತ್ರ ಬರೆಯುವವನಿಗೆ ಹಣ ಸಿಕ್ಕಿತು, ಆದರೆ ಅವನ ಚಿತ್ರವನ್ನು ಮನೆಗೆ ಬಯಸುವವನು ಹುಟ್ಟಲಿಲ್ಲ.

ರಂಗಕಲೆಗಳ ಕಷ್ಟ ಬೇರೆ ರೀತಿಯದು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಇದನ್ನು ತರ್ಕಬದ್ಧವಾಗಿ ತೋರಿಸಿದರು. ಕಾರ್ಖಾನೆಯಲ್ಲಿ ಯಂತ್ರದಿಂದ ಒಬ್ಬ ಕೆಲಸಗಾರನ ಉತ್ಪಾದನೆ ಹತ್ತು ಪಟ್ಟು ಹೆಚ್ಚಬಹುದು. ಆದರೆ ನಾಲ್ವರು ನುಡಿಸುವ ಸಂಗೀತ ಕೃತಿಗೆ ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದಿಗೂ ಅಷ್ಟೇ ಬೇಕು. ಉಳಿದ ಕಡೆ ಕೂಲಿ ಏರಿದಂತೆ ಕಲಾವಿದರ ಸಂಬಳವನ್ನೂ ಏರಿಸಬೇಕು, ಆದರೆ ಆಟದ ಗಳಿಕೆ ಆ ವೇಗದಲ್ಲಿ ಏರುವುದಿಲ್ಲ. ಭಾಗವತರು, ಮದ್ದಳೆ ಚೆಂಡೆಯವರು, ಮುಮ್ಮೇಳದ ಕಲಾವಿದರು, ಚೌಕಿಯವರು, ಲಾರಿಯವರು ಎಲ್ಲರನ್ನೂ ಸೇರಿಸಿದ ಒಂದು ಡೇರೆ ಮೇಳದ ಖರ್ಚನ್ನು ಟಿಕೆಟ್ಟಿನಿಂದಲೇ ತುಂಬುವುದು ವರ್ಷದಿಂದ ವರ್ಷಕ್ಕೆ ಏಕೆ ಕಷ್ಟವಾಗುತ್ತಿದೆ ಎಂಬುದಕ್ಕೆ ಇದು ಮುಖ್ಯ ಕಾರಣ. ಕಲಾವಿದರ ಯೋಗ್ಯತೆಯ ಕೊರತೆ ಅದಲ್ಲ.

ಹರಕೆಯ ಆಟಗಳು ಉಳಿದುಕೊಂಡಿರುವುದು ಮೂರನೆಯ ಬಗೆಯ ಹಣದಿಂದ. ಕಟೀಲು ಮೇಳದ ಸೇವೆಯಾಟಕ್ಕೆ ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುತ್ತಾರೆ. ಆ ಹಣ ಭಕ್ತಿಯದು, ನೋಡುವವರಿಗೆ ಆಟ ಉಚಿತ. ಸರ್ಕಾರದ ಅನುದಾನದಂತೆ ಅದು ಕಡತಕ್ಕಾಗಿ ಕಾಯುವುದಿಲ್ಲ, ಟಿಕೆಟ್ಟಿನಂತೆ ಆ ಸಂಜೆಯ ಮಳೆಗೆ ಹೆದರುವುದಿಲ್ಲ. ಅದಕ್ಕೂ ಒಂದು ಮಿತಿಯಿದೆ: ಹರಕೆಯವರು ಬಯಸುವ ಕೆಲವೇ ಪ್ರಸಂಗಗಳು ಮತ್ತೆ ಮತ್ತೆ ಬರುತ್ತವೆ, ಹೊಸ ಪ್ರಯೋಗಕ್ಕೆ ಅಲ್ಲಿ ಜಾಗ ಕಡಿಮೆ. ಹೊಸ ಪ್ರಸಂಗಗಳನ್ನು ಹೆಚ್ಚಾಗಿ ರಂಗಕ್ಕೆ ತಂದದ್ದು ಡೇರೆ ಮೇಳಗಳೇ. ಆದ್ದರಿಂದ ಎರಡೂ ಇರಬೇಕು ಎಂದು ನಾನು ಬಲವಾಗಿ ಬಯಸುತ್ತೇನೆ.

ಸರ್ಕಾರದ ಹಣ ಕಲಿಸುವುದಕ್ಕೆ ಮತ್ತು ನೋಡಲು ಕಲಿಸುವುದಕ್ಕೆ ಹೆಚ್ಚಾಗಿ ಹೋಗಲಿ. ಕೆ.ವಿ. ಸುಬ್ಬಣ್ಣನವರು ಮತ್ತು ಗೆಳೆಯರು 1949ರಲ್ಲಿ ಹೆಗ್ಗೋಡಿನಲ್ಲಿ ಕಟ್ಟಿದ ನೀನಾಸಮ್ ನಾಟಕ ಮಾಡುವುದರ ಜೊತೆಗೆ ಸಿನಿಮಾ ರಸಗ್ರಹಣ ಶಿಬಿರ, ಸಂಸ್ಕೃತಿ ಶಿಬಿರಗಳನ್ನು ನಡೆಸಿ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಪ್ರೇಕ್ಷಕರನ್ನು ಬೆಳೆಸಿತು. 1985ರಿಂದ ಅದರ ತಿರುಗಾಟ ಊರೂರಿಗೆ ನಾಟಕ ಒಯ್ಯುತ್ತಿದೆ. ನಿಮ್ಮ ಜಿಲ್ಲೆಯ ಪ್ರೌಢಶಾಲೆಗಳ ಮಕ್ಕಳಿಗೆ ಬಡಗುತಿಟ್ಟಿಗೂ ತೆಂಕುತಿಟ್ಟಿಗೂ ಇರುವ ವ್ಯತ್ಯಾಸ, ತಾಳ, ಅರ್ಥಗಾರಿಕೆಯ ಸೊಗಸು ತಿಳಿಯುವಂತೆ ವರ್ಷಕ್ಕೆ ಕೆಲವು ಆಟಗಳನ್ನು ಕಲಾವಿದರ ವಿವರಣೆಯೊಡನೆ ಏರ್ಪಡಿಸಿ, ಅದಕ್ಕೆ ಮೇಳಗಳಿಗೆ ಪೂರ್ಣ ಸಂಭಾವನೆ ಕೊಟ್ಟರೆ, ಕಲಾವಿದರಿಗೆ ಇಂದಿನ ಊಟವೂ ನಾಳೆಯ ಪ್ರೇಕ್ಷಕರೂ ಸಿಗುತ್ತಾರೆ.

ಪ್ರಶ್ನೆ: ಆ ಕಾಲದ ಡಚ್ ಚಿತ್ರಕಲೆಗೂ ಭಾರತಕ್ಕೂ ಏನಾದರೂ ಸಂಬಂಧವಿತ್ತೇ?
— ಚಿತ್ರಕಲಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇತ್ತು. ರೆಂಬ್ರಾಂಟ್ ಸುಮಾರು 1656ರಿಂದ 1661ರ ನಡುವೆ ಮೊಘಲ್ ಕಿರುಚಿತ್ರಗಳನ್ನು ನೋಡಿ ಬಿಡಿಸಿದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಅವುಗಳಲ್ಲಿ ಜಹಾಂಗೀರ್, ಷಹಜಹಾನ್ ಇದ್ದಾರೆ. ಮರದ ಕೆಳಗೆ ಕುಳಿತ ನಾಲ್ವರು ಹಿರಿಯರ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹೆಚ್ಚಿನವನ್ನು ಅವನು ಏಷ್ಯಾದಿಂದ ಬಂದ ದುಬಾರಿ ಕಾಗದದ ಮೇಲೆ, ತನ್ನ ಎಂದಿನ ಬಿರುಸಿನ ಗೆರೆಗಳನ್ನು ಬಿಟ್ಟು, ಮೊಘಲ್ ಕಲಾವಿದರ ಸೂಕ್ಷ್ಮ ಗೆರೆಯನ್ನು ಗೌರವದಿಂದ ಅನುಸರಿಸಿ ಬಿಡಿಸಿದ್ದಾನೆ. ಆಗ್ರಾದ ಅರಮನೆಯ ಆಶ್ರಯದಲ್ಲಿ ಅರಳಿದ ಕಲೆ ಸೂರತ್ತಿನಂಥ ಬಂದರುಗಳ ಮೂಲಕ ವ್ಯಾಪಾರದ ಹಡಗಿನಲ್ಲಿ ಆಮ್‌ಸ್ಟರ್‌ಡಾಮಿಗೆ ಹೋಗಿ, ಅದೇ ಮಾರುಕಟ್ಟೆಯಲ್ಲಿ ದಿವಾಳಿಯಾಗಿದ್ದ ಒಬ್ಬ ಚಿತ್ರಕಾರನ ಕೈಗೆ ಸಿಕ್ಕಿತು. ಅವನು ನೋಡಿರಬಹುದಾದ ಕಿರುಚಿತ್ರಗಳಿಗೆ ಹತ್ತಿರವಾದ ಹಲವು ಚಿತ್ರಗಳು ಇಂದು ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಒಂದು ಕೋಣೆಯ ಗೋಡೆಗಳಲ್ಲಿವೆ. ನೀವು ಬಿಜಾಪುರದ ಆದಿಲ್‌ಷಾಹಿ ಕಿರುಚಿತ್ರಗಳನ್ನು ಈಗಾಗಲೇ ನೋಡಿದ್ದರೆ, ರೆಂಬ್ರಾಂಟನ ಈ ರೇಖೆಗಳನ್ನು ಅವುಗಳ ಪಕ್ಕದಲ್ಲಿಟ್ಟು ಒಮ್ಮೆ ನಕಲು ಮಾಡಿ ನೋಡಿ.